ತೋಳಿನ ಮೇಲಿನ ಏಳ್ನೂರ ಹದಿನಾಲ್ಕು

ಮಲೇಷ್ಯಾದಿಂದ ಏನು ತಂದೆ ಎಂದು ಕೈಲಾಂಚದ ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆ ಬಾಗಿಲವರೆಗೆ ಸಿಕ್ಕವರೆಲ್ಲ ಕೇಳಿದರು. ಚಾಕೊಲೇಟು ತಂದಿದ್ದೆ, ಹಂಚಿದೆ. ಅತ್ತೆಗೆ ಮಂಡಿನೋವಿನ ಮುಲಾಮು ತಂದಿದ್ದೆ, ಮೊದಲ ದಿನವೇ ಅವರು ಅದರ ಅರ್ಧ ಡಬ್ಬಿ ಖಾಲಿ ಮಾಡಿದರು. ಆದರೆ ನಾನು ತಂದೇ ತೀರಬೇಕು ಎಂದುಕೊಂಡು ಹೋಗಿದ್ದದ್ದು ಬೇರೆ. ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ನನ್ನ ತೋಳಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಒಂದು ನಂಬರು. ಅದನ್ನು ಅಳಿಸದೆ, ಬರೆದದ್ದು ಬರೆದ ಹಾಗೇ ಮನೆಗೆ ತಂದು ಒಬ್ಬಳಿಗೆ ತೋರಿಸಬೇಕಿತ್ತು.

ಕೈಲಾಂಚ, ಹೊರಡುವ ಮೊದಲು

ಆ ಒಬ್ಬಳು ಸವಿತಾ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಓರಗಿತ್ತಿಯರು ಎಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ನಮ್ಮನ್ನು ನೋಡಿಲ್ಲ. ನಾನು ರಾಮನಗರದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು, ಸೀಟಿ ಊದಿ ಊದಿ ಮನೆಯಲ್ಲೂ ಜೋರು ದನಿಯಲ್ಲೇ ಮಾತಾಡುವವಳು. ಅವಳು ಮನೆಯ ರೇಷ್ಮೆ ಹುಳ, ಎರಡು ಹಸು, ಒಂದು ಸೈಕಲ್ಲು ಇಷ್ಟನ್ನೂ ಒಂದು ಮಾತೂ ಎತ್ತರಿಸದೆ ನಿಭಾಯಿಸುವವಳು. ಶಾಲೆಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಕಲಿತದ್ದನ್ನು ಅವಳು ಮದುವೆಯಾದ ಮೇಲೂ ಬಿಡಲಿಲ್ಲ. ಡೇರಿಗೆ ಹಾಲು, ತೋಟದಿಂದ ಸೊಪ್ಪು, ಎಲ್ಲಾ ಸೈಕಲ್ಲಿನ ಮೇಲೆಯೇ.

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ದುಬಾರಿ ಸೈಕಲ್ಲುಗಳಲ್ಲಿ ಹೆಂಗಸರ ಒಂದು ಗುಂಪು ನಮ್ಮ ರಸ್ತೆಗೆ ಬರುತ್ತದೆ. ಒಂದು ದಿನ ಸವಿತಾ ಕ್ಯಾರಿಯರಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಏರಿನಲ್ಲಿ ಅವರೆಲ್ಲರನ್ನೂ ಹಿಂದೆ ಹಾಕಿ ಹೋದಳು. ಹುಳಕ್ಕೆ ಸೊಪ್ಪು ಹಾಕುವ ಹೊತ್ತು ಮೀರುತ್ತಿತ್ತು, ಅಷ್ಟೇ. ಅವರು ಬೆನ್ನಟ್ಟಿ ಮನೆಗೇ ಬಂದರು. ಹಾಗೆ ಶುರುವಾದದ್ದು ಎಲ್ಲಿಗೋ ಹೋಯಿತು. ಈಜು, ಸೈಕಲ್ಲು, ಓಟ ಮೂರನ್ನೂ ಬೆನ್ನುಬೆನ್ನಿಗೆ ಮಾಡುವ ಟ್ರಯಾಥ್ಲಾನ್ ಎಂಬ ಸ್ಪರ್ಧೆಗೆ ಅವರು ಮಲೇಷ್ಯಾಕ್ಕೆ ಹೊರಟಿದ್ದರು. ಒಬ್ಬರೇ ಮೂರನ್ನೂ ಮಾಡಬೇಕೆಂದಿಲ್ಲ, ತಂಡವಾಗಿ ಹಂಚಿಕೊಳ್ಳಬಹುದು ಎಂದರು. ನಾನು ತವರೂರು ಹೊಂಗನೂರಿನ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತವಳು. ಓಟ ನನ್ನ ಕಸುಬು. ಈಜು, ಓಟ ನನಗೆ, ನಡುವಿನ ಸೈಕಲ್ಲು ಸವಿತಾಗೆ ಎಂದು ಹೆಸರು ಕೊಟ್ಟೆವು. ತಂಡ ಒಂದು, ನಂಬರೂ ಒಂದೇ.

"ಅಕ್ಕ, ಸಂತೇಲಿ ಕುರಿಗೆ ಬಣ್ಣ ಬಳಿಯೋ ಹಂಗೆ ನಮ್ ಮೈಮ್ಯಾಲೂ ನಂಬರ್ ಬರೀತಾರಂತೆ, ನಿಜವಾ?" ಎಂದು ಅವಳು ಕೇಳಿದ್ದು ಒಂದು ಸಲವಲ್ಲ. ಅವಳಿಗೆ ವಿಮಾನಕ್ಕಿಂತ, ಕಡಲಿಗಿಂತ ಅದೇ ದೊಡ್ಡ ಸೋಜಿಗವಾಗಿತ್ತು.

ದಸರಾ ರಜೆಯಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಆದರೆ ಚಾಕಿ ಹುಳ, ಅಂದರೆ ಎಳೆಯ ಹುಳ, ಬರುವುದು ತಡವಾಯಿತು. ಹುಳಕ್ಕೆ ನಮ್ಮ ಟಿಕೆಟ್ಟಿನ ತಾರೀಕು ಗೊತ್ತಿದೆಯೇ? ಲೆಕ್ಕ ಹಾಕಿದರೆ ನಾವು ಹೊರಡುವ ಹೊತ್ತಿಗೆ ಸರಿಯಾಗಿ ಅವು ನಾಲ್ಕನೇ ಜ್ವರ ಮುಗಿಸಿ ಏಳುತ್ತವೆ. ಪೊರೆ ಬಿಡಲು ಉಣ್ಣದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅದರಿಂದ ಎದ್ದ ಹುಳ ಹಗಲೂ ರಾತ್ರಿ ತಿನ್ನುತ್ತದೆ, ತಿಂದು ಹಣ್ಣಾಗಿ ಗೂಡು ಕಟ್ಟುತ್ತದೆ. ನಮ್ಮ ಯಜಮಾನರು ಸೊಪ್ಪು ಕೊಯ್ದು ತರುತ್ತಾರೆಯೇ ಹೊರತು ಹುಳದ ಮನೆಯ ಕೆಲಸ ಅವರಿಗೆ ಬಾರದು.

"ಇಬ್ರೂ ಹೋಗ್ಬುಟ್ರೆ ಹುಳ ಉಪಾಸ ಸಾಯ್ತವೆ," ಎಂದರು ಅತ್ತೆ. "ಒಬ್ರು ಇರ್ಬೇಕು. ಯಾರಾರ ಇರಿ."

ಯಾರು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನನ್ನ ಕೈಯಲ್ಲಿ ಹುಳ ಬದುಕುವುದಿಲ್ಲವೆಂದು ಊರಿಗೇ ಗೊತ್ತು.

ಇನ್ನೊಂದು ಸಂಗತಿಯೂ ಇತ್ತು. ಆ ಬೆಳೆ ಮುಗಿದ ಮೇಲೆ ಸವಿತಾ ಮತ್ತು ನನ್ನ ಮೈದುನ ಅವಳ ತವರು ತಿಪ್ಪಸಂದ್ರಕ್ಕೆ ಹೋಗಿ ನೆಲೆಸುವುದಿತ್ತು. ಅವಳ ಅಪ್ಪನ ಜಮೀನು ನೋಡಿಕೊಳ್ಳಲು ಗಂಡುಮಕ್ಕಳಿಲ್ಲ. ಮೈದುನ ಆಗಲೇ ಅಲ್ಲಿ ಮನೆ ರಿಪೇರಿಗೆ ನಿಂತಿದ್ದ. ಹಾಗಾಗಿ ಈ ಪ್ರವಾಸ ನಮ್ಮಿಬ್ಬರ ಮಟ್ಟಿಗೆ ಒಟ್ಟಿಗೆ ಮಾಡುವ ಕೊನೆಯ ಕೆಲಸವಾಗಿತ್ತು. ಅದನ್ನು ನಾವು ಬಾಯಿಬಿಟ್ಟು ಆಡಿರಲಿಲ್ಲ.

"ನೀ ಹೋಗ್ಬಾ ಅಕ್ಕ," ಎಂದಳು ಸವಿತಾ, ನನ್ನ ಬ್ಯಾಗಿಗೆ ಬಟ್ಟೆ ತುಂಬುತ್ತಾ. "ನಂಬರ್ ಮಾತ್ರ ಅಳಿಸ್ಬ್ಯಾಡ. ಅದ್ರಲ್ಲಿ ಅರ್ಧ ನಂದು. ಹಂಗೇ ತಕಬಾ, ನೋಡ್ತೀನಿ."

ಕೌಲಾಲಂಪುರದಿಂದ ಕಡಲಿಗೆ

ಕೌಲಾಲಂಪುರದಿಂದ ಪೋರ್ಟ್ ಡಿಕ್ಸನ್ ಎಂಬ ಕಡಲತೀರದ ಊರಿಗೆ ಹೋಗುವ ದಾರಿಯುದ್ದಕ್ಕೂ ತಾಳೆ ತೋಟ. ಎಣ್ಣೆ ತೆಗೆಯುವ ತಾಳೆಯಂತೆ. ದೂರದಿಂದ ನಮ್ಮ ಚನ್ನಪಟ್ಟಣದ ದಾರಿಯ ತೆಂಗಿನ ತೋಟದಂತೆ ಕಂಡು ಮನಸ್ಸು ಅರಳುತ್ತದೆ, ಹತ್ತಿರ ಹೋದರೆ ಗಿಡ್ಡ, ದಪ್ಪ, ಮುಳ್ಳುಮುಳ್ಳು. ಯಾರೂ ಹಾರ್ನ್ ಮಾಡುವುದಿಲ್ಲ. ಅರ್ಧ ದಾರಿಗೆ ನನಗೆ ಕಿವಿಗೆ ಏನೋ ಆಗಿದೆ ಎನ್ನಿಸಿತು.

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಅದು ಸವಿತಾಳ ಹೆಸರಿನಲ್ಲಿ ಹಿಡಿದಿಟ್ಟಿದ್ದ ಸೀಟು. ಮಾತಾಡಲು ಬಾಯಿ ತೆರೆದು ಎಷ್ಟು ಸಲ ಆ ಕಡೆ ತಿರುಗಿದೆನೋ. ಗುಂಪಿನ ಹೆಂಗಸರು ಒಳ್ಳೆಯವರೇ, ಆದರೆ ಅವರ ಮಾತೆಲ್ಲ ಟಯರು, ಗೇರು, ಮಂಡಿಚಿಪ್ಪು. "ಆ ಹೆಂಗಸು ನೋಡು, ಟೀಯನ್ನ ಎತ್ರದಿಂದ ಹುಯ್ತಾವ್ಳೆ, ಒಂದ್ ತೊಟ್ಟೂ ಚೆಲ್ಲಲ್ಲ" ಎಂದು ನಾನು ಯಾರಿಗೆ ಹೇಳಲಿ?

ಪೋರ್ಟ್ ಡಿಕ್ಸನ್ನಿನಲ್ಲಿ ಬಸ್ಸು ಇಳಿದು ಹೊಕ್ಕ ಆ ಟೀ ಅಂಗಡಿಯಲ್ಲೇ ನನ್ನ ಮೊದಲ ಫಜೀತಿ. ಬೆಳಗಿನ ತಿಂಡಿಗೆ ಎಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣ ಇಟ್ಟರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಕಡಲೆಕಾಯಿ ಬೀಜ, ಕೆಂಪು ಗೊಜ್ಜು. ನಮ್ಮೂರಿನ ಪುಣ್ಯಾತ್ಮರು ಬುತ್ತಿ ಕಟ್ಟಿದ ಹಾಗಿದೆ ಎಂದು ಖುಷಿಯಿಂದ ಬಾಯಿಗಿಟ್ಟರೆ ಒಳಗೆ ಒಣಮೀನು. ಮೀನಿಗೆ ನನ್ನ ತಕರಾರಿಲ್ಲ, ಆದರೆ ಅಂದು ಶನಿವಾರ. ಅಗಿದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದಾಗ ಎದುರಿನ ಬೆಂಚಿನಿಂದ ಒಬ್ಬಾಕೆ ಜೋರಾಗಿ ನಕ್ಕರು. "ಶನಿವಾರವಾ?" ಎಂದು ತಮಿಳಿನಲ್ಲಿ ಕೇಳಿದರು.

ಅವರೇ ಲೆಚ್ಚುಮಿ. ಅಲ್ಲಿಯೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಆಸ್ಪತ್ರೆಯಲ್ಲಿ ನರ್ಸು. ಅವರ ತಮಿಳು, ನನ್ನ ಕನ್ನಡ, ಎರಡರ ನಡುವೆ ಇಬ್ಬರದೂ ಮುರುಕು ಇಂಗ್ಲಿಷು. ನಮ್ಮ ತಂಡದಲ್ಲಿ ಸೈಕಲ್ಲಿಗೆ ಜನ ಇಲ್ಲವೆಂದು ತಿಳಿದ ಸ್ಪರ್ಧೆಯವರು ಬದಲಿಗೆ ಒಬ್ಬರನ್ನು ಕೊಡುತ್ತೇವೆ ಎಂದು ಮೊದಲೇ ತಿಳಿಸಿದ್ದರು. ಕೊಟ್ಟದ್ದು ಇವರನ್ನೇ. ತಂಡದ ಹೆಸರು ನೋಡಿಕೊಂಡು ನನ್ನನ್ನು ಹುಡುಕುತ್ತಲೇ ಬಂದಿದ್ದರು.

ಸ್ಪರ್ಧೆಯ ಮುಂಜಾನೆ

ಕಡಲ ದಂಡೆಯಲ್ಲಿ ಮೇಜು ಹಾಕಿಕೊಂಡು ತಲೆಗೆ ಬಟ್ಟೆ ಕಟ್ಟಿದ ಹುಡುಗಿಯರು ನಿಂತಿದ್ದರು. ನಾವು ತೋಳು ಚಾಚುವುದು, ಅವರು ಕಪ್ಪು ಮಾರ್ಕರಿನಲ್ಲಿ ಬರೆಯುವುದು. ನೀರಿನಲ್ಲಿ ಅಂಗಿಯ ಮೇಲಿನ ಕಾಗದ ನಿಲ್ಲುವುದಿಲ್ಲವಲ್ಲ, ಅದಕ್ಕೆ ಮೈಯೇ ಕಾಗದ. ಒಬ್ಬರೇ ಮೂರನ್ನೂ ಮಾಡುವವರ ಮೀನಖಂಡದ ಮೇಲೆ ವಯಸ್ಸನ್ನೂ ಬರೆಯುತ್ತಾರೆ. ನಮ್ಮಲ್ಲಿ ಹೆಂಗಸಿನ ವಯಸ್ಸು ಕೇಳಿದರೆ ಮುನಿಸು. ಅಲ್ಲಿ ಹಿಂದೆ ಬರುವವರೆಲ್ಲ ಓದಿಕೊಂಡು ಬರುತ್ತಾರೆ. ಅರವತ್ತಮೂರು ಎಂದು ಬರೆಸಿಕೊಂಡ ಒಬ್ಬ ಅಜ್ಜಿ ನನ್ನ ಪಕ್ಕದಲ್ಲೇ ಕಾಲು ಎತ್ತಿ ಎತ್ತಿ ಕುಣಿಯುತ್ತಿದ್ದರು.

ನನ್ನ ಎರಡೂ ತೋಳಿಗೆ 714 ಎಂದು ಬರೆದರು. ಹುಡುಗಿಯ ಅಕ್ಷರ ಮುದ್ದಾಗಿತ್ತು. ಓಟು ಹಾಕಿ ಬಂದವರು ಬೆರಳು ಎತ್ತಿ ತೋರಿಸುವ ಹಾಗೆ ನಾನು ತೋಳು ಎತ್ತಿ ಫೋಟೋ ತೆಗೆಸಿಕೊಂಡೆ. ಆಮೇಲೆ ಲೆಚ್ಚುಮಿಯ ತೋಳಿಗೂ ಅದನ್ನೇ ಬರೆದರು. ಆಗ ಮನಸ್ಸು ಚುರುಕ್ ಎಂದಿತು. ಅದು ಸವಿತಾಳ ತೋಳಿನ ಮೇಲೆ ಇರಬೇಕಾದದ್ದು. ಪಾಪ, ಲೆಚ್ಚುಮಿಯ ತಪ್ಪೇನಿಲ್ಲ, ಆದರೂ ಸ್ವಲ್ಪ ಹೊತ್ತು ನಾನು ಅವರ ಮುಖ ನೋಡಲಿಲ್ಲ.

ಬಾವಿ ಇದ್ದಲ್ಲೇ ಇರುತ್ತದೆ, ನಾವು ಈಜುತ್ತೇವೆ. ಕಡಲು ಹಾಗಲ್ಲ, ಎದ್ದು ಬಂದು ತಳ್ಳುತ್ತದೆ. ಉಪ್ಪುನೀರು ಕುಡಿದು, ಯಾರದೋ ಕಾಲಿನಿಂದ ಒದೆ ತಿಂದು, ಅಂತೂ ದಡ ಸೇರಿದೆ. ಹೊತ್ತಿನ ಲೆಕ್ಕ ಇಡಲು ಕಾಲಿಗೆ ಕಟ್ಟಿದ್ದ ಎಲೆಕ್ಟ್ರಾನಿಕ್ ಪಟ್ಟಿಯನ್ನು ಬಿಚ್ಚಿ ಲೆಚ್ಚುಮಿಯ ಕಾಲಿಗೆ ಕಟ್ಟಿದೆ. ತಂಡದಲ್ಲಿ ಒಬ್ಬರು ಇನ್ನೊಬ್ಬರಿಗೆ ಸರದಿ ಕೊಡುವುದು ಹಾಗೆ. ಅವರು ಹೋದರು. ನಾನು ಬೇಲಿಗೆ ಒರಗಿ, ಸವಿತಾ ಆಗಿದ್ದರೆ ಈಗ ಎಲ್ಲಿರುತ್ತಿದ್ದಳು, ಆ ತಿರುವಿನಲ್ಲಿ ಎಷ್ಟು ಜನರನ್ನು ದಾಟಿರುತ್ತಿದ್ದಳು ಎಂದು ಯೋಚಿಸುತ್ತಾ ನಿಂತೆ. ಸೂರ್ಯ ಏರಿ ನೆತ್ತಿ ಸುಡುತ್ತಿತ್ತು. ಲೆಚ್ಚುಮಿ ಬೆವರಿ ತೊಪ್ಪೆಯಾಗಿ ಬಂದು, ಪಟ್ಟಿ ಬಿಚ್ಚಿ ಕೊಟ್ಟು, "ಓಡು ಟೀಚರ್, ಓಡು!" ಎಂದು ಬೆನ್ನಿಗೊಂದು ಗುದ್ದಿದರು. ಆ ಗುದ್ದು ಸವಿತಾಳದ್ದೇ ಎನ್ನಿಸಿ ಓಡಿದೆ. ಎಷ್ಟನೆಯವರಾಗಿ ಬಂದೆವೆಂದು ಕೇಳಬೇಡಿ. ನಮ್ಮ ಹಿಂದೆಯೂ ಜನ ಇದ್ದರು ಎಂಬುದಷ್ಟೇ ನಿಜ.

ಅಳಿಸುವವರು

ಸ್ಪರ್ಧೆ ಮುಗಿದು ನೆರಳಿಗೆ ಬಂದದ್ದೇ ತಡ, ಲೆಚ್ಚುಮಿ ಚೀಲದಿಂದ ಸ್ಪಿರಿಟ್ ಬಾಟಲಿ, ಹತ್ತಿ ತೆಗೆದು ತೋಳು ಉಜ್ಜಿದರು. ಏಳು ಹೋಯಿತು, ಒಂದು ಹೋಯಿತು. ನಾಲ್ಕಕ್ಕೆ ಬರುವಾಗ ನಾನು ಅವರ ಕೈ ಹಿಡಿದುಕೊಂಡೆ.

"ಏನು ಟೀಚರ್? ನಾಳೆ ಬೆಳಿಗ್ಗೆ ಡ್ಯೂಟಿ. ವಾರ್ಡಿಗೆ ಹೀಗೆ ಹೋದರೆ ರೋಗಿಗಳು ಹೆದರುತ್ತಾರೆ," ಎಂದರು. ನಾಲ್ಕೂ ಹೋಯಿತು. ಹತ್ತಿ ಕಪ್ಪಾಯಿತು, ಅದನ್ನು ಬುಟ್ಟಿಗೆ ಹಾಕಿ ಅವರು ನಿಂಬೆ ಪಾನಕ ತರಲು ಹೋದರು.

ಆ ಸಂಜೆ ಊಟದ ಅಂಗಡಿಗಳಲ್ಲಿ ನೋಡಿದೆ, ಜನರಲ್ಲಿ ಎರಡು ಜಾತಿ. ಒಂದು ಅಳಿಸುವವರದ್ದು, ಇನ್ನೊಂದು ಉಳಿಸುವವರದ್ದು. ಉಳಿಸುವವರು ಸ್ನಾನ ಮಾಡಿ, ಬೇಕೆಂದೇ ತೋಳಿಲ್ಲದ ಅಂಗಿ ಹಾಕಿ, ತೋಳನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಊರಿ ನೂಡಲ್ಸ್ ತಿನ್ನುತ್ತಿದ್ದರು. ಒಬ್ಬರ ನಂಬರು ಇನ್ನೊಬ್ಬರು ಓದಿಕೊಂಡು, ಗುರುತಿಲ್ಲದಿದ್ದರೂ ತಲೆ ಆಡಿಸಿ ನಗುತ್ತಿದ್ದರು. ನಾನೂ ತೋಳು ಊರಿ ಕೂತೆ.

ಮಾರನೆಯ ದಿನವೆಲ್ಲ ಗುಂಪಿನವರೊಂದಿಗೆ ಕಡಲ ದಂಡೆಯಲ್ಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಏಳರ ತಲೆ ಬಿರುಕು ಬಿಟ್ಟಿತು. ಬೆವರಿದಾಗಲೆಲ್ಲ ಚೂರು ಚೂರೇ ಉದುರುತ್ತಿತ್ತು. ಹೇಗಾದರೂ ಇದನ್ನು ಇನ್ನೆರಡು ದಿನ ಉಳಿಸಿಕೊಡಿ ಎಂದು ಗುಂಪಿನ ಹೆಂಗಸರನ್ನು ಕೇಳಿದೆ. ಒಬ್ಬರು ನೈಲ್ ಪಾಲಿಶ್ ಅಳಿಸುವ ದ್ರವ ಎಂದರು, ಒಬ್ಬರು ಟೂತ್‌ಪೇಸ್ಟ್ ಎಂದರು, ಮತ್ತೊಬ್ಬರು ಸ್ಯಾನಿಟೈಸರ್ ಹಾಕಿದ ಟಿಶ್ಯೂವನ್ನೇ ಕೈಗಿಟ್ಟರು. "ಅಳಿಸಕ್ಕಲ್ಲ, ಉಳಿಸಕ್ಕೆ!" ಎಂದು ಶಾಲೆಯ ಮೈದಾನದ ದನಿಯಲ್ಲಿ ಕೂಗಿದೆ. ಅಳಿಸಲು ಸಾವಿರ ಮದ್ದಿದೆ, ಉಳಿಸಲು ಒಂದೂ ಇಲ್ಲ.

ಹರಳೆಣ್ಣೆ

ಸಂಜೆ ಮನೆಗೆ ವಿಡಿಯೊ ಕಾಲ್ ಮಾಡಿದೆ. ಸವಿತಾ ಹುಳದ ಮನೆಯಲ್ಲಿದ್ದಳು, ಅತ್ತೆ ಸಿಕ್ಕರು. ತೋಳು ತೋರಿಸಿದೆ. ಅವರು ತಮ್ಮ ತೋಳಿನ ಹಚ್ಚೆಯನ್ನು ಫೋನಿಗೆ ಅಂಟಿಸಿ ತೋರಿಸಿದರು. ಮದುವೆಗೆ ಮೊದಲು ಹಾಕಿಸಿಕೊಂಡದ್ದು, ಈಗಲೂ ಹಸಿರಾಗಿದೆ.

"ಹುಯ್ದಾದ್ಮೇಲೆ ಹರಳೆಣ್ಣೆ, ಅರಿಸಿನ ಹಚ್ಚಿದ್ರು ಕಣವ್ವ, ಕಚ್ಕಬುಡ್ತು. ನಾ ಕೊಟ್ಟಿವ್ನಲ್ಲ ನೆತ್ತಿಗೆ ಎಣ್ಣೆ, ಅದನ್ನೇ ಒಸಿ ಸವ್ರಿ ಮಲೀಕೊ."

ಉಷ್ಣವಾಗದಿರಲಿ ಎಂದು ಅವರು ಕಳಿಸಿದ್ದ ಹರಳೆಣ್ಣೆ ಸೀಸೆ ಬ್ಯಾಗಿನಲ್ಲಿ ಇತ್ತು. ಹಚ್ಚೆ ಹಾಕಿಸಿಕೊಂಡ ಎಲ್ಲ ಹೆಂಗಸರಿಗೂ ಎಣ್ಣೆ ಹಚ್ಚಿದ್ದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಸರಿಯೆನಿಸಿತು. ಎರಡೂ ತೋಳಿಗೆ ಧಾರಾಳವಾಗಿ ಸವರಿ ಮಲಗಿದೆ.

ಬೆಳಿಗ್ಗೆ ಹಾಸಿಗೆಯ ಬಿಳಿ ಬಟ್ಟೆಯ ಮೇಲೆ ಕಪ್ಪು ಮಸಿ. ತೋಳಿನ ಮೇಲೆ ಬೂದು ಬಣ್ಣದ ಕಲೆ, ಟವೆಲ್ಲಿನಿಂದ ಮುಟ್ಟಿದ್ದೇ ತಡ ಅದೂ ಬಂತು. ಹಚ್ಚೆ ಚರ್ಮದ ಒಳಗಿರುತ್ತದೆ, ಮಾರ್ಕರು ಮೇಲಿರುತ್ತದೆ. ಮಕ್ಕಳಿಗೆ ಪಾಠ ಹೇಳುವವಳಿಗೆ ಅಷ್ಟು ಹೊಳೆಯಲಿಲ್ಲ. ಬೀಳ್ಕೊಡಲು ಬಂದ ಲೆಚ್ಚುಮಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಮಾರ್ಕರು ಬಿಡಿಸಲು ಸ್ಪಿರಿಟ್ ಸಿಗದಿದ್ದರೆ ತಾವು ಹಚ್ಚುವುದೇ ಎಣ್ಣೆಯನ್ನಂತೆ. ನಾನು ನಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅವರು ನಗು ನಿಲ್ಲಿಸಿ ತಮ್ಮ ಚೀಲದಲ್ಲಿ ತಡಕಿ ಒಂದು ಪೆನ್ನು ತೆಗೆದರು.

"ಮತ್ತೆ ಬರೆದುಬಿಡಲಾ? ಯಾರಿಗೆ ಗೊತ್ತಾಗುತ್ತೆ?"

ತೋಳು ಚಾಚಿದೆ. ಪೆನ್ನಿನ ತುದಿ ತಾಗುವ ಮೊದಲೇ ಹಿಂದಕ್ಕೆ ಎಳೆದುಕೊಂಡೆ. ಅದು ಕಡಲಿಗೆ ಇಳಿಯದ ನಂಬರು. ಸವಿತಾ ಕೇಳಿದ್ದು ಅದನ್ನಲ್ಲ.

ಹುಳದ ಮನೆ

ಬೆಂಗಳೂರಿನಲ್ಲಿ ಇಳಿದು, ರಾಮನಗರದ ಬಸ್ಸು ಹಿಡಿದು, ಅಲ್ಲಿಂದ ಕೈಲಾಂಚಕ್ಕೆ ಬರುವಷ್ಟರಲ್ಲಿ ಅವಳಿಗೆ ಏನು ಹೇಳಲಿ ಎಂಬುದನ್ನು ಹತ್ತು ಥರ ಜೋಡಿಸಿಕೊಂಡಿದ್ದೆ. ಹುಳದ ಮನೆಯ ಬಾಗಿಲಲ್ಲಿ ಅತ್ತೆ ಅಡ್ಡ ನಿಂತರು.

"ಎಣ್ಣೆ ವಾಸ್ನೆ ಹೊಡೀತೀಯಲ್ಲವ್ವ! ಒಳಿಕ್ ಕಾಲಿಕ್ಕೀಯ, ಜೋಕೆ! ಹುಳ ಸೊಪ್ಪು ಬುಡ್ತವೆ."

"ನೀವೇ ಹಚ್ಕೊ ಅಂದಿದ್ದಲ್ಲ ಅತ್ತೆ?"

"ಅಂದಿದ್ದೆ. ಈಗ ತೊಳ್ಕೊ ಅಂತಿವ್ನಿ."

ಸೀಗೆಪುಡಿ ಹಾಕಿ ತಿಕ್ಕಿ ಸ್ನಾನ ಮಾಡಿ, ಬಾಗಿಲ ಬಳಿಯ ಔಷಧಿ ನೀರಿನಲ್ಲಿ ಕೈಕಾಲು ಅದ್ದಿ ಒಳಗೆ ಹೋದೆ. ಹುಳ ಹಣ್ಣಾಗಲು ಶುರುವಾಗಿತ್ತು. ಹಣ್ಣಾದದ್ದನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಸುರುಳಿ ಸುತ್ತಿದ ಬಿದಿರಿನ ತಟ್ಟೆಗೆ ಬಿಡಬೇಕು. ಸವಿತಾ ಒಬ್ಬಳೇ ಆರಿಸುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಮೈ ಇಳಿದಿತ್ತು.

"ಬಂದ್ಯಾ ಅಕ್ಕ? ಎಲ್ಲಿ, ತೋರ್ಸು."

ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ಹೋಯ್ತು ಕಣೆ. ಉಳಿಸ್ಕೊಳಕ್ ಹೋಗಿ ನಾನೇ ಕಳ್ಕಂಡೆ," ಎಂದೆ. ಹರಳೆಣ್ಣೆಯ ಕಥೆ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ.

"ಹೋಗ್ಲಿ ಬುಡಕ್ಕ," ಎಂದಳು. ಹುಳ ಆರಿಸುವುದನ್ನು ಮುಂದುವರಿಸಿದಳು. ಅವಳು ಕೋಪ ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ತೋಳು ಮಡಚಿ ಪಕ್ಕದಲ್ಲಿ ಕೂತೆ. ಬೇರೇನೂ ತೋಚದೆ ಹುಳ ಆರಿಸತೊಡಗಿದೆ. ಹಣ್ಣಾದ ಹುಳವನ್ನು ಗುರುತಿಸಲು ಬೆಳಕಿಗೆ ಹಿಡಿದು ನೋಡಬೇಕು, ಮೈ ತಿಳಿಯಾಗಿರುತ್ತದೆ. ನಾನು ಎಂದಿನಂತೆ ಕಾಯಿ ಹುಳಗಳನ್ನೇ ಆರಿಸಿ ಕೊಡುತ್ತಿದ್ದೆ, ಅವಳು ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು ವಾಪಸು ಇಡುತ್ತಿದ್ದಳು. ಹಾಗೆ ನಾಲ್ಕಾರು ಸಲ ಆದ ಮೇಲೆ ಅವಳ ಕೈ ಹುಳವನ್ನು ಬಿಟ್ಟು ನನ್ನ ಮಣಿಕಟ್ಟು ಹಿಡಿಯಿತು. ತೋಳನ್ನು ಬೆಳಕಿನ ಕಡೆಗೆ ತಿರುಗಿಸಿದಳು. ಇನ್ನೊಂದು ಸ್ವಲ್ಪ ತಿರುಗಿಸಿದಳು.

"ಇಲ್ಲೈತಲ್ಲಕ್ಕ!"

ನಾನು ಬಗ್ಗಿ ನೋಡಿದೆ. ಕಡಲ ಬಿಸಿಲಿಗೆ ತೋಳೆಲ್ಲ ಸುಟ್ಟು ಕಪ್ಪಾಗಿತ್ತು. ಮಸಿ ಇದ್ದ ಕಡೆ ಮಾತ್ರ ಬಿಸಿಲು ತಾಗದೆ ಚರ್ಮ ಮೊದಲಿನ ಬಣ್ಣದಲ್ಲೇ ಉಳಿದಿತ್ತು. ಏಳು, ಒಂದು, ನಾಲ್ಕು. ತಿಳಿಯಾಗಿ, ಆ ಹುಡುಗಿಯ ಮುದ್ದಾದ ಅಕ್ಷರದಲ್ಲೇ.

ಸವಿತಾ ಬೆರಳಿಟ್ಟು ಅದರ ಮೇಲೆ ಬರೆದಂತೆ ಎಳೆದಳು. ಒಂದು ಸಲ, ಮತ್ತೊಂದು ಸಲ. ಆಮೇಲೆ ಕೇಳಿದಳು, "ನನ್ ಬದ್ಲು ಸೈಕಲ್ ತುಳುದ್ಲಲ್ಲ, ಅವ್ಳ ತೋಳ್ ಮ್ಯಾಲೂ ಹಿಂಗೇ ಇರ್ತದಾ?"

"ಅವರು ಆವಾಗ್ಲೇ ಸ್ಪಿರಿಟ್ ಹಾಕಿ ಉಜ್ಜಿಬಿಟ್ರು."

"ಉಜ್ಜಿದ್ರೇನು, ಬಿಸ್ಲಲ್ಲಿ ಇದ್ಲಲ್ಲ. ಒಸಿ ಇದ್ದಾತು. ಇರ್ಲಿ ಬುಡಕ್ಕ, ತುಳುದೋಳು ಅವ್ಳೇ ಅಲ್ವಾ," ಎಂದಳು. ಎಂದು, ನನ್ನ ತೋಳಿಗೆ ಹಣೆ ಒತ್ತಿ ಅತ್ತಳು. ನಾನೂ ಅತ್ತೆ. ನಂಬರಿಗಾಗಿ ಅತ್ತದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹುಳ ಕಾಯುತ್ತಿದ್ದವು, ಮೂಗು ಒರೆಸಿಕೊಂಡು ಕೆಲಸಕ್ಕೆ ಹತ್ತಿದೆವು.

ತಿಪ್ಪಸಂದ್ರ

ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹಾಕಿದ ಮೇಲೆ ಅವರ ಸಾಮಾನು ಟೆಂಪೋಗೆ ಏರಿತು. ಸೈಕಲ್ಲನ್ನು ಎಲ್ಲದರ ಮೇಲೆ ಕಟ್ಟಿದರು. ಹೊಸ ಚರ್ಮ ಬರುವುದರೊಳಗೆ ಇನ್ನೊಂದು ಸಲ ಬಂದು ನೋಡುತ್ತೇನೆ ಎಂದು ಹೇಳಿ ಸವಿತಾ ಹತ್ತಿದಳು.

ಮಲೇಷ್ಯಾ ಎಷ್ಟು ದೂರ ಎಂದು ಈಗಲೂ ಜನ ಕೇಳುತ್ತಾರೆ. ವಿಮಾನ ಹತ್ತಿ ಕೂತು ಒಂದು ನಿದ್ದೆ ತೆಗೆದರೆ ಬಂದೇ ಬಿಡುತ್ತದೆ. ತಿಪ್ಪಸಂದ್ರ ಹಾಗಲ್ಲ. ರಾಮನಗರಕ್ಕೆ ಒಂದು ಬಸ್ಸು, ಮಾಗಡಿಗೆ ಇನ್ನೊಂದು, ಅಲ್ಲಿಂದ ಮತ್ತೊಂದು, ಆ ಮತ್ತೊಂದು ಬಂದರೆ. ನನಗೆ ಶಾಲೆಯ ಕ್ರೀಡಾಕೂಟ, ಮನೆಯಲ್ಲಿ ಕೈಗೆ ಬಗ್ಗದ ಹೊಸ ಹುಳ. ಅವಳಿಗೆ ರಾಗಿ ಕೊಯ್ಲು, ಅಪ್ಪನ ಔಷಧಿ. ಸಂಜೆ ಡೇರಿಗೆ ಹಾಲು ಹಾಕಿ ಬಂದು ಅವಳು ಫೋನು ಮಾಡುತ್ತಾಳೆ. ಈ ಪ್ರವಾಸದಲ್ಲಿ ನಾನು ಕಂಡದ್ದನ್ನೆಲ್ಲ, ಎತ್ತರದಿಂದ ಹುಯ್ಯುವ ಟೀಯಿಂದ ಹಿಡಿದು, ಅವಳಿಗೆ ಫೋನಿನಲ್ಲಿಯೇ ಹೇಳಿ ಮುಗಿಸಿದೆ.

ಮೈದಾನದಲ್ಲಿ ನಿಲ್ಲುವವಳು ನಾನು. ತುಂಬುತೋಳಿನ ಅಂಗಿ ಹಾಕಿ ನೋಡಿದೆ, ಬಿಸಿಲಿಗೆ ಬೆನ್ನು ಮಾಡಿ ನಿಂತು ನೋಡಿದೆ. ಮೊದಲು ಒಂದು ಹೋಯಿತು, ಆಮೇಲೆ ಏಳು. ನಾಲ್ಕು ಬಹಳ ದಿನ ಇತ್ತು. ನಿನ್ನೆ ಟ್ಯೂಬ್‌ಲೈಟಿನ ಕೆಳಗೆ ಎಷ್ಟು ತಿರುಗಿಸಿದರೂ ತೋಳು ಒಂದೇ ಬಣ್ಣ. ಸಂಜೆ ಫೋನು ಬಂತು.

"ಅಕ್ಕ, ಐತಾ ಇನ್ನೂವೆ?"

"ಐತೆ ಕಣೆ," ಎಂದೆ.

"ಮೂರೂ ಕಾಣ್ತವಾ?"

"ಕಾಣ್ತವೆ."

ಆ ಕಡೆ ಹಸು ಕೂಗುವುದು ಕೇಳಿಸಿತು.

"ಹಂಗಾರೆ ಭಾನ್ವಾರ ಬತ್ತೀನಿ, ನೋಡಕ್ಕೆ," ಎಂದಳು.

"ಬಾ," ಎಂದೆ. "ಬೇಗ ಬಾ."